ಸೋದರಮಾವನ ದೊಡ್ಡ ಎಂಜಿನ್

ಕಾರಿನ ಎಂಜಿನ್ ಬದಲಿಸುವುದು ಅಂಥ ದೊಡ್ಡ ಕೆಲಸವೇನಲ್ಲ. ಇದ್ದದ್ದನ್ನು ತೆಗೆಯಬೇಕು, ಇಲ್ಲದ್ದನ್ನು ಇಡಬೇಕು. ಸಿಂಧನೂರಿನಲ್ಲಿ ನನ್ನದು ಬಟ್ಟೆ ಅಂಗಡಿ. ಅಂಗಡಿಯ ಮುಂದೆ ನಿಲ್ಲಿಸಿದ ಗೊಂಬೆಯ ಸೀರೆ ಬಿಚ್ಚಿ ಬೇರೆ ಸೀರೆ ಉಡಿಸುವವನು ನಾನೇ. ಎರಡರ ತತ್ವವೂ ಒಂದೇ ಎಂದು ನನಗೆ ಗಟ್ಟಿಯಾಗಿ ಅನ್ನಿಸಿತ್ತು. ಈ ಮಾತನ್ನು ಹೆಂಡತಿ ಗಿರಿಜಾಳಿಗೆ ಹೇಳಿದೆ. ಅವಳು ಸವತೆಕಾಯಿ ಹೆಚ್ಚುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಗೊಂಬಿ ರಸ್ತೆ ಮ್ಯಾಲ ಓಡಂಗಿಲ್ರಿ," ಎಂದಳು.

ಹೆಂಗಸರಿಗೆ ಯಂತ್ರಗಳ ಬಗ್ಗೆ ಹೆಚ್ಚು ತಿಳಿಯದು ಎಂದುಕೊಂಡೆ. ಆಗ ನನಗೂ ತಿಳಿಯದು ಎಂಬ ವಿಷಯ ನನಗೆ ತಿಳಿದಿರಲಿಲ್ಲ.

ಕಾರು ಕೆಂಪು ಬಣ್ಣದ್ದು. ಎರಡೇ ಬಾಗಿಲು, ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡುವ ಸ್ಪೋರ್ಟ್ಸ್ ಕಾರು. ನಮ್ಮೂರಿನ ರೈಸ್ ಮಿಲ್ ಮಾಲೀಕರೊಬ್ಬರ ಮಗ ಅದನ್ನು ಎಲ್ಲಿಂದಲೋ ತಂದು, ಭತ್ತದ ಲಾರಿಗಳ ನಡುವೆ ಓಡಿಸಿ ಬೇಸತ್ತು, ನನಗೆ ಮಾರಿದ್ದ. ಅದು ಎಷ್ಟು ಗಿಡ್ಡವೆಂದರೆ ಲಾರಿ ಡ್ರೈವರುಗಳ ಕಣ್ಣಿಗೆ ಬೀಳುತ್ತಲೇ ಇರಲಿಲ್ಲವಂತೆ. ನನ್ನ ಅಕ್ಕನ ಮಗಳು ರೂಪಾ ಆಗ ಹೈಸ್ಕೂಲಿನಲ್ಲಿದ್ದಳು. ರಜೆಗೆ ಲಿಂಗಸುಗೂರಿನಿಂದ ನಮ್ಮ ಮನೆಗೆ ಬಂದಾಗಲೆಲ್ಲ ಅದರೊಳಗೆ ಹೋಗಿ ಕೂರುವಳು.

"ಮಾಮಾ, ನನ್ನ ಲಗ್ನದಾಗ ನನ್ನ ಇದರಾಗ ಕರ್ಕೊಂಡು ಹೋಗಬೇಕು ನೋಡು," ಅನ್ನುವಳು.

ನಾನು ಹೂಂ ಅನ್ನುತ್ತಿದ್ದೆ. ಮಕ್ಕಳಿಗೆ ಹೂಂ ಅನ್ನುವುದು ಸುಲಭ. ಅವರು ದೊಡ್ಡವರಾಗುತ್ತಾರೆ, ಆದರೂ ಮರೆಯುವುದಿಲ್ಲ ಎಂದು ಆಗ ಯಾರೂ ಎಚ್ಚರಿಸುವುದಿಲ್ಲ.

ಈ ವರ್ಷ ರೂಪಾಳ ಮದುವೆ ಗೊತ್ತಾಯಿತು. ಲಿಂಗಸುಗೂರಿನಲ್ಲೇ ಮದುವೆ. ನಮ್ಮ ಕಡೆ ಮದುವೆಯಲ್ಲಿ ಸೋದರಮಾವನ ಕೆಲಸ ಸಣ್ಣದು, ಆದರೆ ಅವನಿಲ್ಲದೆ ಮುಂದಿನದು ಯಾವುದೂ ನಡೆಯುವುದಿಲ್ಲ. ಮದುಮಗಳನ್ನು ಕೈಹಿಡಿದು ಮನೆಯಿಂದ ಹೊರಡಿಸಿ, ಮಂಟಪಕ್ಕೆ ತಂದು ನಿಲ್ಲಿಸುವವನು ಅವನು. ಅವನು ತಂದು ನಿಲ್ಲಿಸಿದ ಮೇಲೆಯೇ ಅಕ್ಷತೆಯ ಅಕ್ಕಿಕಾಳು ಬೀಳಬೇಕು. ಅಕ್ಕನಿಗೆ ಇರುವ ತಮ್ಮ ನಾನೊಬ್ಬನೇ. ಅಂದರೆ ಎರಡು ಊರಿನ ಬೀಗರು, ಬ್ಯಾಂಡು, ಸ್ವಾಮಿಗಳು, ಸಾವಿರ ಜನರ ಅಡುಗೆ, ಎಲ್ಲವೂ ನಾನು ಹೊತ್ತಿಗೆ ಸರಿಯಾಗಿ ಲಿಂಗಸುಗೂರು ಮುಟ್ಟುವುದರ ಮೇಲೆ ನಿಂತಿತ್ತು. ಬಸ್ಸಿನಲ್ಲಿ ಹೋಗಿದ್ದರೆ ಮುಟ್ಟುತ್ತಿದ್ದೆ. ಇದ್ದ ಎಂಜಿನ್ನಿನ ಕಾರಿನಲ್ಲಿ ಹೋಗಿದ್ದರೂ ಮುಟ್ಟುತ್ತಿದ್ದೆ. ಆ ಪುಟ್ಟ ಎಂಜಿನ್ ಒಂದು ದಿನವೂ ಕೈಕೊಟ್ಟಿರಲಿಲ್ಲ ಎಂಬುದನ್ನು ಅದರ ಗೌರವಾರ್ಥ ಇಲ್ಲಿ ದಾಖಲಿಸುತ್ತೇನೆ.

ಕೆಟ್ಟದ್ದು ನನ್ನ ತಲೆ, ನಿಶ್ಚಿತಾರ್ಥದ ಮರುದಿನ. ರೂಪಾಳನ್ನು ಸೀರೆ ಆರಿಸಲು ನಮ್ಮ ಅಂಗಡಿಗೆ ಕರೆತರುತ್ತಿದ್ದೆ. ಮಸ್ಕಿಯ ಹತ್ತಿರ ಏರಿನಲ್ಲಿ ಹಿಂದಿನಿಂದ ಒಂದು ಟಂಟಂ, ಮೂರು ಗಾಲಿಯ ಸವಾರಿ ಆಟೋ, ಬಂತು. ಒಳಗೆ ತುಂಬ ಜನ, ಹಿಂದೆ ಜೋತುಬಿದ್ದ ಜನ, ಅವರ ಕಾಲ ಬಳಿ ಎರಡು ಆಡು. ಅದು ನಮ್ಮನ್ನು ಹಿಂದೆ ಹಾಕಿ ಹೊರಟುಹೋಯಿತು. ಆಡುಗಳು ತಿರುಗಿ ನಮ್ಮನ್ನೇ ನೋಡುತ್ತಿದ್ದವು.

"ಮಾಮಾ," ಎಂದಳು ರೂಪಾ, ನಗು ತಡೆದುಕೊಂಡು. "ಇದು ಸ್ಪೋರ್ಟ್ಸ್ ಕಾರ್ ಅಲ್ಲೇನು?"

"ಸಾವಕಾಶ ಹೋಗಬೇಕು ಅಂತ ನಾನ ಹೊಂಟೀನಿ," ಅಂದೆ. ಕಾಲು ಮಾತ್ರ ಆಕ್ಸಿಲರೇಟರಿನ ಮೇಲೆ ಪೂರ್ತಿ ನಿಂತಿತ್ತು.

ಆ ಆಡುಗಳ ನೋಟ ನನ್ನನ್ನು ಬಿಡಲಿಲ್ಲ. ಫೋನಿನಲ್ಲಿ ಹುಡುಕಿದೆ. ಹೊರದೇಶದ ಗಡ್ಡದವನೊಬ್ಬ ತನ್ನ ಮನೆಯ ಶೆಡ್ಡಿನಲ್ಲಿ, ಇಂಥದೇ ಕಾರಿಗೆ ದೊಡ್ಡ ಎಂಜಿನ್ ಕೂರಿಸುವ ವಿಡಿಯೋ ಸಿಕ್ಕಿತು. ಕಾಫಿ ಕುಡಿಯುತ್ತ, ಹಾಡು ಕೇಳುತ್ತ, ಕೈಗೆ ಎಣ್ಣೆ ಹತ್ತದಂತೆ ಅವನು ಕೆಲಸ ಮುಗಿಸಿದ. ಇಡೀ ವಿಡಿಯೋ ನೋಡುವಷ್ಟರಲ್ಲಿ ನನ್ನ ಚಹಾ ಕೂಡ ಆರಿರಲಿಲ್ಲ. ಇಷ್ಟೇ ಹೊತ್ತಿನ ಕೆಲಸ ಎಂದುಕೊಂಡೆ.

ಒಬ್ಬ ಸಹಾಯಕ ಬೇಕಿತ್ತು. ಪಕ್ಕದ ಮನೆಯ ಹುಸೇನಪ್ಪ ಹಟ್ಟಿಯ ಚಿನ್ನದ ಗಣಿಯಲ್ಲಿ ಸರ್ವಿಸ್ ಮುಗಿಸಿ ಬಂದವರು. ಪಾತಾಳಕ್ಕೆ ಯಂತ್ರ ಇಳಿಸುವ ವಿಭಾಗದಲ್ಲಿ ಇದ್ದೆ ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಅವರ ಬಳಿ ವಿಷಯ ಎತ್ತಿದೆ.

"ಸಾವ್ಕಾರ್ರೆ," ಎಂದರು ಹುಸೇನಪ್ಪ, ಮೀಸೆ ಸವರುತ್ತ. "ಭೂಮಿ ಹೊಟ್ಟಿಯೊಳಗ ಆನಿಯಂಥ ಮಿಷಿನ್ ಇಳಿಸಿದಾಂವ ನಾ. ನಿಮ್ಮ ಕಾರಿನೊಳಗ ಒಂದು ಎಂಜಿನ್ ಇಳಿಸೂದೇನು ದೊಡ್ಡದು."

"ಮೊದಲು ಹಳೇದನ್ನ ಎತ್ತಬೇಕಲ್ರಿ."

ಅವರ ಕೈ ಮೀಸೆಯ ಮೇಲೆಯೇ ನಿಂತಿತು. "ಎತ್ತೂದು ಬ್ಯಾರೆ ಶಿಫ್ಟಿನವರ ಕೆಲಸ," ಎಂದರು.

ಇಲ್ಲಿಗೆ ನಮ್ಮ ತಂಡ ಪೂರ್ಣವಾಯಿತು.

ಎಂಜಿನ್ ಗುಜರಿಯಲ್ಲಿ ಸಿಕ್ಕಿತು. ಹಳ್ಳಿ ಹಳ್ಳಿಗೆ ಜನರನ್ನು ತುಂಬಿಕೊಂಡು ಓಡಾಡುತ್ತಿದ್ದ ಯಾವುದೋ ಜೀಪಿನದು. ಡೀಸೆಲ್ ಎಂಜಿನ್, ನೋಡಲು ಎಮ್ಮೆಯ ಹಾಗೆ ಇತ್ತು. ಅಳತೆಗೆ ಅಂಗಡಿಯ ಟೇಪು ಒಯ್ದಿದ್ದೆ. ಆ ಟೇಪಿನ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ಅದರ ಮೊದಲ ಎರಡು ಇಂಚು ಹರಿದುಹೋಗಿ ಬಹಳ ವರ್ಷವಾಯಿತು. ಹೀಗಾಗಿ ಏನೇ ಅಳೆದರೂ ಬಂದ ಲೆಕ್ಕದಲ್ಲಿ ಎರಡು ಇಂಚು ಕಳೆಯಬೇಕು. ಅಂಗಡಿಯಲ್ಲಿ ಇದು ನಾಲಿಗೆಗೆ ರೂಢಿಯಾಗಿದೆ, ಕೇಳದೆಯೇ ಕಳೆಯುತ್ತದೆ. ಬಟ್ಟೆ ಅಂಗಡಿಯವನಿಗೆ ಎಲ್ಲ ಕೊಳ್ಳುವ ಯೋಚನೆ ಬರುತ್ತದೆ, ಹೊಸ ಟೇಪು ಕೊಳ್ಳುವ ಯೋಚನೆ ಮಾತ್ರ ಬರುವುದಿಲ್ಲ.

ಗುಜರಿಯಲ್ಲಿ ನಿಂತು ಎಂಜಿನ್ನಿನ ಎತ್ತರ ಅಳೆದೆ. ಪಕ್ಕಾ ವ್ಯಾಪಾರಿಯಂತೆ ಎರಡು ಇಂಚು ಕಳೆದೆ. ಮನೆಗೆ ಬಂದು ಬಾನೆಟ್ ಎತ್ತಿ, ಕಾರಿನೊಳಗಿನ ಜಾಗ ಅಳೆದೆ. ಸ್ವಂತ ಕಾರು, ಅಭಿಮಾನ ಉಕ್ಕಿ ಬಂದಿತ್ತು. ಕಳೆಯುವುದು ಮರೆತುಹೋಯಿತು. ಎರಡೂ ಅಳತೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಹೊಂದಿದವು. ದೇವರೇ ಹೊಂದಿಸಿಟ್ಟಿದ್ದಾನೆ ಎಂದುಕೊಂಡು ಎಂಜಿನ್ ಕೊಂಡು ತಂದು ಅದಕ್ಕೆ ಊದಿನಕಡ್ಡಿ ಬೆಳಗಿದೆ.

ನಮ್ಮದು ಹಳೆಯ ಮನೆ. ಬಂಡಿ ಒಳಗೆ ಬರುವಷ್ಟು ದೊಡ್ಡ ಹೆಬ್ಬಾಗಿಲು. ಬಾಗಿಲ ಒಳಗೆ ಅಡ್ಡ ಹಾಯ್ದ ತೇಗದ ತೊಲೆಗೆ ಒಂದು ಕಬ್ಬಿಣದ ಕೊಂಡಿ ಇದೆ. ಅಕ್ಕ ಮೊದಲ ಬಾಣಂತನಕ್ಕೆ ತವರಿಗೆ ಬಂದಾಗ, ಅಲ್ಲಿ ಗಾಳಿ ಚೆನ್ನಾಗಿ ಆಡುತ್ತದೆಂದು ರೂಪಾಳ ತೊಟ್ಟಿಲನ್ನು ಅದೇ ಕೊಂಡಿಗೆ ಕಟ್ಟಿದ್ದರು. ಹುಸೇನಪ್ಪ ಕೊಂಡಿಯನ್ನು ಜಗ್ಗಿ ನೋಡಿದರು. "ಗಟ್ಟಿ ಐತಿ," ಎಂದು ಸರ್ಟಿಫಿಕೇಟ್ ಕೊಟ್ಟರು. ಚೈನ್ ಪುಲ್ಲಿ ಬಾಡಿಗೆಗೆ ಬಂತು. ಎತ್ತುವ ಶಿಫ್ಟಿಗೆ ರೈಸ್ ಮಿಲ್ಲಿನ ಹಮಾಲರು ಬಂದರು. ಹಳೆಯ ಪುಟ್ಟ ಎಂಜಿನ್ ಕಾರಿನಿಂದ ಮೇಲೆದ್ದು ತೊಲೆಗೆ ತೂಗಾಡಿತು. ಇಷ್ಟರಲ್ಲಿ ಹಮಾಲರಿಗೆ ಲೋಡು ಬಂತೆಂದು ಕರೆ ಬಂದು ಅವರು ಹೋಗಿಬಿಟ್ಟರು. ಹುಸೇನಪ್ಪ ಊಟಕ್ಕೆ ಹೋಗಿ ಮಲಗಿಬಿಟ್ಟರು. ಎಂಜಿನ್ ಅಲ್ಲೇ ತೂಗಾಡುತ್ತ ಉಳಿಯಿತು.

ಸಂಜೆಗೆ ಓಣಿಯ ಹೆಂಗಸರು ನೋಡಲು ಬಂದರು.

"ಎಷ್ಟು ದಿವಸದ ಕೂಸರೀ?" ಎಂದು ಒಬ್ಬಾಕೆ ಕೇಳಿದಳು.

"ಹೆಸರಿಡೂದು ಬಾಕಿ ಐತ್ರಿ," ಎಂದಳು ಗಿರಿಜಾ. "ಕೂಡ್ರಿ, ಗುಗ್ಗರಿ ತಿಂದು ಹೋಗ್ರಿ. ಅಪ್ಪನ ಮಾರಿ ಹೋಲ್ತೈತಿ ಅಲ್ರಿ?"

ಆಗ ನನ್ನ ಮುಖಕ್ಕೆಲ್ಲ ಗ್ರೀಸು ಹತ್ತಿತ್ತು. ಹೋಲಿಕೆ ಇತ್ತು ಎಂದು ಒಪ್ಪಿಕೊಳ್ಳಲೇಬೇಕು.

ಮರುದಿನ ಹಮಾಲರು ಮರಳಿ ಬಂದು ಹಳೆಯದನ್ನು ಕೆಳಗಿಟ್ಟು ದೊಡ್ಡ ಎಂಜಿನ್ನನ್ನು ಮೇಲೆತ್ತಿದರು, ಹುಸೇನಪ್ಪ ಅದನ್ನು ಕಾರಿನೊಳಗೆ ಇಳಿಸಿದರು. ಇಳಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ ಎಂಬುದು ನಿಜ. ಕೂಸನ್ನು ತೊಟ್ಟಿಲಿಗೆ ಹಾಕಿದಷ್ಟು ಮೆತ್ತಗೆ ಇಳಿಸಿದರು. ಅದು ತಳ ಮುಟ್ಟಿತು. ನಾನು ಬಾನೆಟ್ ಮುಚ್ಚಿದೆ. ಮುಚ್ಚಲಿಲ್ಲ. ಮೇಲೆ ಕೂತು ಒತ್ತಿದೆ. ಆಗಲೂ ಮುಚ್ಚಲಿಲ್ಲ. ಎಂಜಿನ್ ಬರೋಬ್ಬರಿ ಎರಡು ಇಂಚು ಮೇಲೆ ಉಳಿದಿತ್ತು. ಟೇಪಿನ ಹರಿದ ತುದಿಯನ್ನು ನಾನು ಬಹಳ ಹೊತ್ತು ನೋಡುತ್ತ ನಿಂತೆ.

"ಎರಡು ಇಂಚಿಗೆ ಯಾಕ ತಲಿ ಕೆಡಿಸ್ಕೊಂತೀರಿ," ಎಂದರು ಹುಸೇನಪ್ಪ. "ಬಾನೆಟ್ಟಿಗೆ ತೂತು ಹೊಡಸ್ರಿ. ಫಾರಿನ್ ಕಾರಿಗೆ ಹಂಗ ಇರ್ತೈತಿ, ಮ್ಯಾಲೊಂದು ಉಬ್ಬು."

ಉಬ್ಬು ಎಂಬ ಮಾತು ನನಗೆ ಹಿಡಿಸಿತು. ವೆಲ್ಡಿಂಗ್ ಅಂಗಡಿಯವನು ಬಾನೆಟ್ಟಿನ ನಡುವೆ ದುಂಡಗೆ ಒಂದು ತೂತು ಕೊಯ್ದು ಕೊಟ್ಟ. ಎಂಜಿನ್ ಅದರಿಂದ ತಲೆ ಹೊರಹಾಕಿ ಆಕಾಶ ನೋಡಿತು. ಈಗ ಆ ತಲೆಗೊಂದು ಟೊಪ್ಪಿಗೆ ಬೇಕಿತ್ತು. ಅಡುಗೆಮನೆಯಲ್ಲಿ ಹುಡುಕಿದೆ. ಮೇಲಿನ ಹಲಗೆಯ ಮೇಲೆ ಒಂದು ಅಲ್ಯೂಮಿನಿಯಂ ಬೋಗೋಣಿ ಕಂಡಿತು. ತೂತಿಗೆ ಹೇಳಿ ಮಾಡಿಸಿದ ಹಾಗಿತ್ತು. ಬೋರಲು ಹಾಕಿ, ನಾಲ್ಕು ಕಡೆ ಬೋಲ್ಟು ಬಿಗಿದು, ಕೆಂಪು ಬಣ್ಣ ಹೊಡೆದೆ. ದೂರದಿಂದ ನೋಡಿದರೆ ಫಾರಿನ್. ಹತ್ತಿರದಿಂದ ನೋಡಿದರೆ ಬೋಗೋಣಿ.

ಗಿರಿಜಾ ಹತ್ತಿರದಿಂದ ನೋಡಿದಳು.

"ಇದು ನನ್ನ ತವರುಮನಿ ಬೋಗೋಣಿ," ಎಂದಳು. ದನಿ ಏರಿಸಲಿಲ್ಲ, ಅದೇ ಹೆದರಿಕೆ. "ಇದರಾಗ ಹೋಳಿಗಿ ಬ್ಯಾಳಿ ಕುದಿಸ್ತೀನಿ ನಾನು. ರೂಪಾನ ಲಗ್ನ ಮುಗಿದ ಮ್ಯಾಲ ಊಟಕ್ಕ ಬೀಗರು ಮನಿಗೆ ಬರ್ತಾರ. ಯಾತರಾಗ ಕುದಿಸ್ಲಿ, ನಿಮ್ಮ ತಲಿಯಾಗ?"

"ಲಗ್ನ ಆದ ಕೂಡಲೆ ಬಿಚ್ಚಿ ಕೊಡ್ತೀನಿ."

"ಬಣ್ಣಾನ ಬಿಚ್ಚಿ ಕೊಡ್ತೀರೇನು?"

ಈ ಪ್ರಶ್ನೆಯನ್ನೂ, ಇಂಥ ಕಾರಿಗೆ ಆರ್‌ಟಿಒದವರು ಒಪ್ಪುತ್ತಾರೆಯೇ ಎಂಬ ಅವಳ ಮುಂದಿನ ಪ್ರಶ್ನೆಯನ್ನೂ ಮದುವೆಯ ಆಚೆಗೆ ಮುಂದೂಡಲಾಯಿತು.

ಉಳಿದದ್ದು ಸಣ್ಣಪುಟ್ಟ ಕೆಲಸ. ಗೇರ್ ಬಾಕ್ಸಿಗೂ ಎಂಜಿನ್ನಿಗೂ ಪರಿಚಯವಿರಲಿಲ್ಲ. ಲೇತ್ ಅಂಗಡಿಯವನು ನಡುವೆ ಒಂದು ತಟ್ಟೆ ಮಾಡಿಕೊಟ್ಟು ಇಬ್ಬರನ್ನೂ ಬೀಗರನ್ನಾಗಿಸಿದ. ರೇಡಿಯೇಟರ್ ಮಾತ್ರ ಹಳೆಯದೇ, ಪುಟ್ಟ ಎಂಜಿನ್ನಿನದು. ಅದು ಸಾಕಾಗುತ್ತದೆಯೇ ಎಂದು ಕೇಳಿದೆ. "ನೀರು ನೀರನ ಅಲ್ಲೇನ್ರಿ, ಸಾವ್ಕಾರ್ರೆ," ಎಂದರು ಹುಸೇನಪ್ಪ. ಹಳೆಯದನ್ನೇ ಬಿಗಿದೆವು.

ಎಂಜಿನ್ ಶುರುಮಾಡುವ ದಿನ ತೆಂಗಿನಕಾಯಿ ಒಡೆದು ಕೀಲಿ ತಿರುಗಿಸಿದೆ. ಗುರ್ ಅಂದಿತು, ಉಸಿರು ಕಟ್ಟಿತು, ನಿಂತಿತು. ಮತ್ತೆ ತಿರುಗಿಸಿದೆ. ಮತ್ತೆ ಉಸಿರು ಕಟ್ಟಿತು. ಅರ್ಧ ದಿನ ಹೈರಾಣಾದೆವು. ಕೊನೆಗೆ ಗಾಳಿ ಎಳೆಯುವ ಪೈಪಿನೊಳಗೆ ಕೈಹಾಕಿ ಜಗ್ಗಿದಾಗ ಜರಿಯಂಚಿನ ಶಾಲೊಂದು ಉದ್ದಕ್ಕೆ ಹೊರಬಂತು. ರೈಸ್ ಮಿಲ್ಲಿನ ತೌಡಿನ ಧೂಳು ಒಳಗೆ ಹೋಗಬಾರದೆಂದು ನಾನೇ ಅದನ್ನು ಅಲ್ಲಿ ತುರುಕಿ ಮರೆತಿದ್ದೆ. ವ್ಯಾಪಾರಸ್ಥರೆಲ್ಲ ಸೇರಿ ನನಗೆ ಸನ್ಮಾನ ಮಾಡಿದಾಗ ಹೊದಿಸಿದ ಶಾಲು ಅದು. ನನ್ನ ದೂರದೃಷ್ಟಿಯನ್ನು ಅಂದು ಬಹಳ ಹೊಗಳಿದ್ದರು.

ಶಾಲು ಹೊರಬಂದ ಮೇಲೆ ಎಂಜಿನ್ ಶುರುವಾಯಿತು. ಸದ್ದಿಗೆ ಓಣಿಯ ಪಾರಿವಾಳಗಳೆಲ್ಲ ಒಮ್ಮೆಗೇ ಎದ್ದವು. ದೇವರ ಜಗುಲಿಯ ಮೇಲಿನ ವಿಭೂತಿ ಗಟ್ಟಿ ಕೆಳಗೆ ಬಿತ್ತು. ಎದುರು ಮನೆಯ ಎಮ್ಮೆ ಗೂಟ ಕಿತ್ತುಕೊಂಡು ಕಾಲುವೆಯ ದಾರಿ ಹಿಡಿಯಿತು. ನನಗೆ ಮೈಯೆಲ್ಲ ಹೆಮ್ಮೆ. ಹೊರಗೆ ತಂದೆ. ಭಾರಕ್ಕೆ ಕಾರಿನ ಮೂಗು ನೆಲಕ್ಕೆ ಬಾಗಿ, ಅದು ಏನೋ ಕಳೆದುಕೊಂಡು ಹುಡುಕುತ್ತಿರುವಂತೆ ಕಾಣುತ್ತಿತ್ತು. ಮನೆಯಿಂದ ಹತ್ತು ಹೆಜ್ಜೆಗೆ ಒಂದು ಹಂಪು. ಕಾರು ಅದನ್ನು ದಾಟಲಿಲ್ಲ. ಓಣಿಯಲ್ಲಿ ಗಾಡಿಗಳು ಜೋರು ಓಡುತ್ತವೆಂದು ಹತ್ತಾರು ಸಲ ಅಲೆದಾಡಿ ಆ ಹಂಪು ಹಾಕಿಸಿದವನು ನಾನೇ. ಕಡೆಗೆ ಅಂಗಡಿಯ ಹಲಗೆಗಳನ್ನು ತಂದು ಹಾಸಿ ದಾಟಿಸಬೇಕಾಯಿತು.

ಮದುವೆಯ ದಿನ ಬೆಳಿಗ್ಗೆ ಕಾರಿಗೆ ಚೆಂಡುಹೂವಿನ ಸರ ಹಾಕಿದೆ. ಬೋಗೋಣಿಯ ಸುತ್ತಲೂ ಒಂದು ಸುತ್ತು ಹಾಕಿದೆ. ನಾನು ಬಿಳಿ ಅಂಗಿ, ಬಿಳಿ ಧೋತರದಲ್ಲಿದ್ದೆ. ಸೀಟಿನ ಹಿಂದೆ ಆಯೇರಿ ಗಂಟು, ಅಂದರೆ ಬೀಗರ ಕಡೆಯ ಹಿರಿಯರಿಗೆ ಉಡುಗೊರೆ ಕೊಡಲು ಅಂಗಡಿಯಿಂದ ಆರಿಸಿ ತಂದ ಒಳ್ಳೆಯ ಧೋತರ, ರುಮಾಲು. ಗಿರಿಜಾ ರೇಷ್ಮೆ ಸೀರೆ ಉಟ್ಟು, ಬಸ್ ಸ್ಟ್ಯಾಂಡಿನ ದಿಕ್ಕಿಗೆ ಒಮ್ಮೆ ನೋಡಿ, ನನ್ನ ಪಕ್ಕದಲ್ಲಿ ಕೂತಳು.

"ಹುಷಾರ್ ಹೋಗ್ರಿ," ಎಂದರು ಹುಸೇನಪ್ಪ. "ಏನರ ಆದ್ರ ಫೋನ್ ಮಾಡ್ರಿ. ಇಳಿಸೂದಿದ್ರ ಬರ್ತೀನಿ."

ಮಸ್ಕಿಯವರೆಗೆ ಕಾರು ಓಡಿದ ಚಂದ ಹೇಳತೀರದು. ದಾರಿಯಲ್ಲಿ ಸಿಕ್ಕ ಟಂಟಂಗಳನ್ನೆಲ್ಲ ಹಿಂದೆ ಹಾಕಿದೆ. ಒಂದರಲ್ಲಿ ಆಡುಗಳೂ ಇದ್ದವು. ಅವೇ ಆಡುಗಳೇ ಎಂದು ಖಚಿತವಾಗಿ ಹೇಳಲಾರೆ, ಆದರೆ ನಾನು ಹಾರ್ನ್ ಹೊಡೆದೆ. ನನ್ನ ಜೀವನದ ಅತ್ಯಂತ ಸುಖದ ಸಮಯ ಅದು. ಮಸ್ಕಿ ಬಂತು, ಹಿಂದೆ ಸರಿಯಿತು. ಮುಂದೆ ಏರು ಶುರುವಾಯಿತು.

ಮೊದಲು ಬೋಗೋಣಿಯ ಅಂಚಿನಿಂದ ಸಣ್ಣಗೆ ಹಬೆ ಬಂತು. ಮಂಜು ಎಂದೆ. ಮೇಲೆ ಬಿಸಿಲು ಹೊಡೆಯುತ್ತಿತ್ತು. ಆಮೇಲೆ ಬೋಗೋಣಿ ಟಕಟಕ ಕುಣಿಯತೊಡಗಿತು. ಚೆಂಡುಹೂವು ಬಾಡಿ ಕರಗಿ ಬಾನೆಟ್ಟಿಗೆ ಅಂಟಿತು. ಗಿರಿಜಾ ತನ್ನ ತವರಿನ ಪಾತ್ರೆಯನ್ನು ಅನುಭವದ ಕಣ್ಣಿನಿಂದ ನೋಡಿದಳು.

"ಬ್ಯಾಳಿ ಕುದ್ದೈತಿ," ಎಂದಳು. "ಇಳಸ್ರಿ ಇನ್ನ."

ಇಳಿಸುವ ಅಗತ್ಯ ಬೀಳಲಿಲ್ಲ. ಎಂಜಿನ್ ತಾನೇ ಒಂದು ಸಲ ನರಳಿ ನಿಂತುಬಿಟ್ಟಿತು. ಕಾರನ್ನು ರಸ್ತೆಯ ಪಕ್ಕಕ್ಕೆ ನೂಕಿದೆವು. ಬಾನೆಟ್ ಎತ್ತಲು ಹೋಗಿ ಬೆರಳು ಸುಟ್ಟುಕೊಂಡೆ. ಬಿಳಿ ಅಂಗಿಯ ಮೇಲೆ ಎಣ್ಣೆ ಹಾರಿತು. ಹುಸೇನಪ್ಪನವರಿಗೆ ಫೋನ್ ಮಾಡಿದೆ. ರೇಡಿಯೇಟರಿನಲ್ಲಿ ನೀರಿಲ್ಲವೆಂದೆ. "ನೀರು ನೀರನ..." ಎಂದು ಅವರು ಶುರುಮಾಡಿದರು. ಫೋನ್ ಇಟ್ಟುಬಿಟ್ಟೆ.

ಅಕ್ಕನ ಫೋನ್ ಬಂತು.

"ಎಲ್ಲಿದ್ದೀಯೋ ತಮ್ಮಾ?"

"ಮಸ್ಕಿ ದಾಟೀವಿ ಅಕ್ಕಾ."

ನೀರು ತಂದು ಹಾಕಿದೆವು. ಅದು ಹಾಕಿದಷ್ಟೇ ವೇಗದಲ್ಲಿ ಕೆಳಗೆ ಬಂತು. ಅಕ್ಕನ ಫೋನ್ ಮತ್ತೆ ಬಂತು.

"ಎಲ್ಲಿದ್ದೀಯೋ? ಬ್ಯಾಂಡಿನವರು ಬಂದಾರ. ಹುಡುಗಿ ಸಿಂಗಾರ ಆಗಿ ಕುಂತೈತಿ."

"ಮಸ್ಕಿ ದಾಟೀವಿ ಅಕ್ಕಾ."

"ಆವಾಗ್ಲೂ ಅದನ್ನ ಅಂದೆಲ್ಲೋ?"

"ಆವಾಗ್ಲೂ ದಾಟಿದ್ವಿ," ಅಂದೆ. ಸುಳ್ಳು ಹೇಳಲಿಲ್ಲ.

"ನಡೀರಿ, ಬಸ್ಸಿಗೆ ಹೋಗೂಣ," ಎಂದಳು ಗಿರಿಜಾ. ಈಗ ಅವಳ ಮಾತಿನಲ್ಲಿ ಚೇಷ್ಟೆ ಇರಲಿಲ್ಲ. "ಆ ಹುಡುಗಿ ದಾರಿ ಕಾಯಾಕತ್ತೈತಿ. ಕಾರು ಏನರ ಆಗ್ಲಿ."

"ಅಕೀಗೆ ಮಾತು ಕೊಟ್ಟೀನಲ್ಲ, ಇದರಾಗ ಕರ್ಕೊಂಡು ಹೋಗ್ತೀನಿ ಅಂತ."

"ಮಾತು ಕೊಟ್ಟಿದ್ದು ಸಣ್ಣ ಎಂಜಿನ್ ಇದ್ದಾಗ."

ಅಷ್ಟರಲ್ಲಿ ಮೂರನೆಯ ಫೋನ್ ಬಂತು. ಅಕ್ಕನಲ್ಲ, ರೂಪಾ. ಹಿಂದೆ ಹೆಂಗಸರ ಗದ್ದಲ ಕೇಳಿಸುತ್ತಿತ್ತು.

"ಮಾಮಾ," ಎಂದಳು. "ಕಾರ್ ಕೆಟ್ಟೈತಿ ಹೌದಿಲ್ಲೋ?"

ನಾನು ಬೋಗೋಣಿಯ ಕಡೆ ನೋಡಿದೆ.

"ಕಾರ್ ಬ್ಯಾಡ ಮಾಮಾ. ನೀ ಬಾ ಸಾಕು. ನೀ ಬರೂತನಕ ನಾ ಎದ್ದೇಳಂಗಿಲ್ಲ ಅಂತ ಎಲ್ಲಾರಿಗೂ ಹೇಳೀನಿ."

ಅಷ್ಟು ಜನರ ನಡುವೆ ಆ ಹುಡುಗಿ ನನಗಾಗಿ ಹಟ ಹಿಡಿದು ಕೂತಿದ್ದಾಳೆ. ನಾನು ಇಲ್ಲಿ ಬೋಗೋಣಿ ಕಾಯುತ್ತಿದ್ದೇನೆ. ಎರಡು ಆಡುಗಳ ಮೇಲಿನ ಸಿಟ್ಟಿಗೆ ಆ ಮಗುವಿನ ಮದುವೆಯನ್ನು ರಸ್ತೆಗೆ ತಂದು ನಿಲ್ಲಿಸಿದೆನಲ್ಲ ಎಂದು ನನಗೇ ನಾಚಿಕೆಯಾಯಿತು. ಬಸ್ಸು ಬಂತು. ಎರಡೂ ಕೈ ಎತ್ತಿದೆ. ಲಗ್ನದ ಸುಗ್ಗಿ, ಬಾಗಿಲಿನವರೆಗೂ ಜನ ಜೋತಿದ್ದರು. ಬಸ್ಸು ನಿಲ್ಲಲಿಲ್ಲ. ಇನ್ನೊಂದು ಬಂತು. ಅದೂ ನಿಲ್ಲಲಿಲ್ಲ.

ಆಮೇಲೆ ಬಂದದ್ದು ಒಂದು ಟ್ರ್ಯಾಕ್ಟರ್. ಟ್ರೇಲರ್ ಇರಲಿಲ್ಲ, ಬರೀ ಟ್ರ್ಯಾಕ್ಟರ್. ಓಡಿಸುತ್ತಿದ್ದವನು ಬಳಗಾನೂರಿನ ಶರಣಪ್ಪ. ಭತ್ತ ಬೆಳೆಯುವ ರೈತ, ನಮ್ಮ ಅಂಗಡಿಯ ಹಳೆಯ ಗಿರಾಕಿ. ತಲೆಗೆ ದೊಡ್ಡ ರುಮಾಲು ಸುತ್ತಿದ್ದ. ಟ್ರ್ಯಾಕ್ಟರನ್ನು ರಿಪೇರಿಗೆಂದು ಲಿಂಗಸುಗೂರಿಗೆ ಒಯ್ಯುತ್ತಿದ್ದನಂತೆ.

"ಏನ್ರೀ ಸಾವ್ಕಾರ್ರೆ, ರಸ್ತಿ ಮ್ಯಾಲ ಅಡಗಿ ಇಟ್ಟೀರಿ?" ಎಂದ, ಹಬೆಯಾಡುತ್ತಿದ್ದ ಬೋಗೋಣಿ ನೋಡಿ.

ವಿಷಯ ಹೇಳಿದೆ. ಕಾರು ಇಲ್ಲೇ ಇರಲಿ, ನಮ್ಮಿಬ್ಬರನ್ನು ಕೂರಿಸಿಕೊಂಡು ಹೋಗು ಎಂದೆ.

"ಬಿಟ್ಟು ಯಾಕ ಹೋಗ್ತೀರಿ? ಜಗ್ಗಿಕೊಂಡು ಹೋದ್ರಾತು," ಎಂದ ಶರಣಪ್ಪ. ಕೆಳಗಿಳಿದು ನೋಡಿದ. "ಆದ್ರ ಹಗ್ಗ ಇಲ್ರಿ. ಹುಲ್ಲಿನ ಹೊರಿಗೆ ಕಟ್ಟಿ ಬಂದೀನಿ."

ಮೂವರೂ ಸುತ್ತ ನೋಡಿದೆವು. ಗಿರಿಜಾ ಸೀಟಿನ ಹಿಂದಿನಿಂದ ಆಯೇರಿ ಗಂಟು ತಂದು ಬಿಚ್ಚಿದಳು. ಬೀಗರ ಕಡೆಯ ಹಿರಿಯರ ಹೊಸ ಧೋತರಗಳನ್ನು ಶರಣಪ್ಪ ಒಂದು ತುದಿ, ನಾನು ಇನ್ನೊಂದು ತುದಿ ಹಿಡಿದು ಹುರಿ ಹಾಕಿ, ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿದೆವು. ಒಳ್ಳೆಯ ಮಾಲು, ನಾನೇ ಆರಿಸಿದ್ದು. ಗಟ್ಟಿ ಬಾಳಿಕೆ ಬರುತ್ತದೆ ಎಂದು ಇಷ್ಟು ವರ್ಷ ಗಿರಾಕಿಗಳಿಗೆ ಹೇಳುತ್ತಿದ್ದೆ. ಆ ಮಾತಿನ ಪರೀಕ್ಷೆ ಆ ದಿನ ಆಯಿತು.

ಗಿರಿಜಾ ರೇಷ್ಮೆ ಸೀರೆ ಎತ್ತಿ ಹಿಡಿದು ಟ್ರ್ಯಾಕ್ಟರಿನ ಮಡಗಾರ್ಡ್ ಮೇಲೆ ಕೂತಳು. ನಾನು ಕಾರಿನೊಳಗೆ ಸ್ಟಿಯರಿಂಗ್ ಹಿಡಿದು ಕೂತೆ. ದಾರಿಯಲ್ಲಿ ಟಂಟಂಗಳು ಒಂದೊಂದಾಗಿ ನಮ್ಮನ್ನು ದಾಟಿದವು. ಹಿಂದೆ ಹಾರ್ನ್ ಹೊಡೆಸಿಕೊಂಡಿದ್ದ ಟಂಟಂ ಕೂಡ ದಾಟಿತು. ನಾನು ಆಡುಗಳ ಕಡೆ ನೋಡಲಿಲ್ಲ.

ಲಿಂಗಸುಗೂರಿನ ಅಕ್ಕನ ಮನೆ ಮುಟ್ಟಿದಾಗ ಅಕ್ಕಿಕಾಳಿಗೆ ಹೊತ್ತು ಬಂದೇಬಿಟ್ಟಿತ್ತು. ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಟ್ರ್ಯಾಕ್ಟರ್ ನೋಡಿದಳು, ಧೋತರ ನೋಡಿದಳು, ಆಮೇಲೆ ನನ್ನ ಅಂಗಿ ನೋಡಿದಳು. ಬೈಯಲು ಬಾಯಿ ತೆರೆದವಳು ಅಳತೊಡಗಿದಳು.

"ಬಂದೆಲ್ಲೋ, ಸಾಕು," ಎಂದಳು.

ನಾನು ಒಳಗೆ ಹೋಗಿ ರೂಪಾಳ ಮುಂದೆ ಕೈ ಚಾಚಿದೆ. ಕೈತುಂಬ ಗ್ರೀಸು. ಹಿಂದೆಗೆದೆ. ಅವಳು ಮದರಂಗಿ ಹಚ್ಚಿದ ಕೈಯಿಂದ ಅದನ್ನು ಹಿಡಿದುಕೊಂಡು ಎದ್ದಳು. ಹೊರಗೆ ಬಂದು ಕಾರು ನೋಡಿದಳು, ಬೋಗೋಣಿ ನೋಡಿದಳು.

"ಬೇರೆ ಗಾಡಿ ತರಸ್ತಾರ ತಡಿ," ಎಂದೆ.

"ನಾ ಇದರಾಗ ಹೋಗಾಕಿ," ಎಂದವಳೇ ಬಾಗಿಲು ತೆರೆದು ಕೂತುಬಿಟ್ಟಳು. ಹೈಸ್ಕೂಲಿನಲ್ಲಿ ಕೂರುತ್ತಿದ್ದ ಹಾಗೆಯೇ.

ಮದುಮಗಳ ಮೆರವಣಿಗೆ ಎಂದರೆ ಬ್ಯಾಂಡಿನವರು ನಡೆಯುವ ವೇಗ. ಅವರು ನಿಂತು ಬಾರಿಸಿದರೆ ನಿಲ್ಲಬೇಕು, ಹೆಜ್ಜೆ ಹಾಕಿದರೆ ಹಾಕಬೇಕು. ಈ ಕಾರನ್ನು ಇನ್ನೂ ಜೋರಾಗಿ ಓಡಿಸಬೇಕೆಂದು ನಾನು ಪಟ್ಟ ಪಾಡೆಲ್ಲ ಆಗ ಒಮ್ಮೆಗೇ ನೆನಪಾಯಿತು. ಅದರ ಮುಖ್ಯ ಕೆಲಸ ಸಾವಕಾಶ ಹೋಗುವುದೇ ಆಗಿತ್ತು. ಶರಣಪ್ಪ ಟ್ರ್ಯಾಕ್ಟರನ್ನು ಮೊದಲನೇ ಗೇರಿಗೆ ಹಾಕಿದ. ಮಂಟಪದವರೆಗೆ ಒಂದು ಎಳೆತವಿಲ್ಲ, ಒಂದು ಅಲುಗಾಟವಿಲ್ಲ. ಮಡಗಾರ್ಡ್ ಮೇಲಿನಿಂದ ಗಿರಿಜಾ ಬಾಗಿ ನನಗೆ ಕೂಗಿ ಹೇಳಿದಳು.

"ದೊಡ್ಡ ಎಂಜಿನ್ ಬೇಕು, ದೊಡ್ಡ ಎಂಜಿನ್ ಬೇಕು ಅಂತಿದ್ರಿ. ಈಗ ಬಂತು ನೋಡ್ರಿ ಬರೋಬ್ಬರಿ."

ರೂಪಾಳನ್ನು ಮಂಟಪಕ್ಕೆ ತಂದು ನಿಲ್ಲಿಸಿದೆ. ಅಕ್ಕಿಕಾಳು ಬಿತ್ತು. ನನ್ನ ಕೆಲಸ ಮುಗಿದಿತ್ತು. ಕಣ್ಣೊರೆಸಿಕೊಂಡು, ಬೀಗರ ಧೋತರಗಳನ್ನು ಬಿಚ್ಚಿಕೊಳ್ಳಲು ಹೊರಗೆ ಬಂದೆ. ಕಾರಿನ ಕೊಂಡಿಗೆ ಬಗ್ಗಿ ಗಂಟು ಬಿಡಿಸುತ್ತಿದ್ದಾಗ ಗಂಡಿನ ಕಡೆಯ ಹಿರಿಯರೊಬ್ಬರು ಬಂದರು. ಬೆಳಗಿನಿಂದ ಊಟದ ಮನೆಯ ಉಸ್ತುವಾರಿಯಲ್ಲಿದ್ದವರು, ಮಂಟಪದ ಕಡೆ ಬಂದಿರಲಿಲ್ಲ. ಟ್ರ್ಯಾಕ್ಟರಿನ ಮೇಲೆ ರುಮಾಲು ಸುತ್ತಿ ಗತ್ತಿನಿಂದ ಕೂತಿದ್ದ ಶರಣಪ್ಪನನ್ನು ನೋಡಿ ಎರಡೂ ಕೈ ಜೋಡಿಸಿದರು.

"ಸೋದರಮಾವ್ನೋರ, ಬರ್ರಿ, ಬರ್ರಿ. ನಿಮ್ಮ ಹಾದಿನ ಕಾಯಾಕತ್ತಿದ್ವಿ. ಮೊದಲ್ನೇ ಪಂಕ್ತಿಗೆ ಕೂಡ್ರಿ."

ಶರಣಪ್ಪ ನನ್ನ ಕಡೆ ನೋಡಿದ. ಹಸಿದಿದ್ದನೋ ಏನೋ, ಇಳಿದು ಹೋದ. ಹಿರಿಯರು ಆಮೇಲೆ ನನ್ನನ್ನು ನೋಡಿದರು. ಎಣ್ಣೆ ಅಂಗಿ, ಕರಿ ಕೈ, ಬಗ್ಗಿದ ಸೊಂಟ.

"ತಮ್ಮಾ," ಎಂದರು ಪ್ರೀತಿಯಿಂದ. "ಡ್ರೈವರಗೊಳ ಊಟ ಹಿಂದ ಐತಿ. ಕೈ ತೊಳ್ಕೊಂಡು ಹೋಗು."

ನಾನು ಹಿಂದೆ ಹೋಗಿ ಉಂಡೆ. ಹೋಳಿಗೆ ಚೆನ್ನಾಗಿತ್ತು. ಆ ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ, ಕೃತಜ್ಞತೆಯೇ ಇದೆ. ಆ ದಿನ ಆ ಕಾರನ್ನು ನಾನು ಓಡಿಸಿದೆ ಎಂದು ನಂಬಿದವರು ಅವರೊಬ್ಬರೇ.